ಫಾರ್ಮಲಿನ್: ಅಳೆಯಬೇಕಾದದ್ದು ಉಸಿರಾಡುವ ಗಾಳಿಯನ್ನು

2018ರ ಮಳೆಗಾಲದಲ್ಲಿ ಕೇರಳದ ಆಹಾರ ಸುರಕ್ಷತಾ ಅಧಿಕಾರಿಗಳು ವಾಳಯಾರ್, ಆರ್ಯಂಕಾವು ಚೆಕ್‌ಪೋಸ್ಟ್‌ಗಳಲ್ಲಿ ಲಾರಿಗಳನ್ನು ತಡೆದು, ಫಾರ್ಮಲಿನ್ ಬೆರೆತ ಮೀನನ್ನು ಟನ್‌ಗಟ್ಟಲೆ ವಶಪಡಿಸಿಕೊಂಡರು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ್ದ ಪರೀಕ್ಷಾ ಪಟ್ಟಿ ಕೆಲವೇ ನಿಮಿಷಗಳಲ್ಲಿ ಬಣ್ಣ ಬದಲಿಸಿ ಮೋಸವನ್ನು ಬಯಲು ಮಾಡುತ್ತಿತ್ತು. ಗೋವಾ ಹೊರರಾಜ್ಯದ ಮೀನಿಗೆ ನಿರ್ಬಂಧ ಹೇರಿದಾಗ ಕಾರವಾರದ ವ್ಯಾಪಾರಕ್ಕೂ ಪೆಟ್ಟು ಬಿತ್ತು. ಅಲ್ಲಿಂದ ಮುಂದೆ ಫಾರ್ಮಲಿನ್ ಎಂದ ಕೂಡಲೇ ಜನರ ಕಣ್ಣಿಗೆ ಬರುವುದು ಮೀನು.

ಮೀನಿಗೆ ಫಾರ್ಮಲಿನ್ ಹಾಕುವುದು ಅಪರಾಧ. ಹಳಸಿದ್ದನ್ನು ತಾಜಾ ಎಂದು ಮಾರುವವರಿಗೆ ಶಿಕ್ಷೆಯಾಗಲೇಬೇಕು. ಆದರೆ ಈ ರಾಸಾಯನಿಕ ಮನುಷ್ಯನ ಮೈಯಲ್ಲಿ ಹೇಗೆ ವರ್ತಿಸುತ್ತದೆ ಎಂದು ನೋಡಿದರೆ, ನಮ್ಮ ಭಯವೆಲ್ಲ ಊಟದ ತಟ್ಟೆಯ ಸುತ್ತಲೇ ಸುತ್ತುತ್ತಿದೆ ಅನಿಸುತ್ತದೆ. ಹೆಚ್ಚು ಪೆಟ್ಟು ತಿನ್ನುತ್ತಿರುವವರು ಅದನ್ನು ದಿನವೂ ಉಸಿರಾಡುವವರು: ವೈದ್ಯಕೀಯ ಕಾಲೇಜಿನ ಶವಾಗಾರದ ಅಟೆಂಡರ್, ಪೆಥಾಲಜಿ ಲ್ಯಾಬಿನ ತಂತ್ರಜ್ಞೆ, ಪ್ಲೈವುಡ್ ಕೊಯ್ಯುವ ಬಡಗಿ.

ಫಾರ್ಮಲಿನ್ ಎಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್ ಅನಿಲ. ಈ ಫಾರ್ಮಾಲ್ಡಿಹೈಡ್ ಹೊರಗಿನಿಂದಷ್ಟೇ ಬರುವ ವಿಷವಲ್ಲ. ಅದನ್ನು ನಮ್ಮ ಜೀವಕೋಶಗಳೇ ಪ್ರತಿಕ್ಷಣ ತಯಾರಿಸುತ್ತವೆ. ಅಮೈನೊ ಆಮ್ಲಗಳ ಚಯಾಪಚಯದಲ್ಲಿ, ಡಿಎನ್ಎ ಸುತ್ತಿಕೊಂಡಿರುವ ಪ್ರೋಟೀನುಗಳಿಂದ ಮೀಥೈಲ್ ಗುಂಪು ಕಳಚುವಾಗ ಅದು ಹುಟ್ಟುತ್ತದೆ. ಪ್ರತಿ ಲೀಟರ್ ರಕ್ತದಲ್ಲಿ ಸಾಮಾನ್ಯವಾಗಿಯೇ 2ರಿಂದ 3 ಮಿಲಿಗ್ರಾಂ ಇರುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2014ರಲ್ಲಿ ಹಾಕಿದ ಲೆಕ್ಕದಂತೆ, ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 900ರಿಂದ 1,300 ಮಿಲಿಗ್ರಾಂ ಫಾರ್ಮಾಲ್ಡಿಹೈಡ್ ಒಳಗೇ ಹುಟ್ಟಿ ಒಳಗೇ ಕರಗುತ್ತದೆ. ಆಹಾರದಿಂದ ಒಟ್ಟಾರೆ ಬರುವುದು ದಿನಕ್ಕೆ 100 ಮಿಲಿಗ್ರಾಮನ್ನು ಮೀರುವುದಿಲ್ಲ. ಸೇಬು, ಪೇರು ಹಣ್ಣುಗಳಲ್ಲೂ ಅದು ಇದೆ. ಮೀನಿನಲ್ಲಿ ಸಹಜವಾಗಿರುವ ಟ್ರೈಮೀಥೈಲಮೈನ್ ಆಕ್ಸೈಡ್ ಒಡೆದಾಗ, ಯಾರೂ ಏನೂ ಬೆರೆಸದಿದ್ದರೂ ಸ್ವಲ್ಪ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಬೊಂಬಿಲ್‌ನಂಥ ಮೀನಿನಲ್ಲಿ ಅದು ಹೆಚ್ಚು.

ಇಷ್ಟೊಂದನ್ನು ದೇಹ ತಾಳಿಕೊಳ್ಳುವುದು ವೇಗದ ಬಲದಿಂದ. ಗ್ಲುಟಾಥಯೋನ್ ನೆರವಿನಿಂದ ಕೆಲಸ ಮಾಡುವ ಎಡಿಎಚ್5 ಮತ್ತು ಎಎಲ್‌ಡಿಎಚ್2 ಎಂಬ ಕಿಣ್ವಗಳು ಅದನ್ನು ಫಾರ್ಮಿಕ್ ಆಮ್ಲವಾಗಿಸುತ್ತವೆ. ರಕ್ತಕ್ಕೆ ಸೇರಿದ ಫಾರ್ಮಾಲ್ಡಿಹೈಡ್‌ನಲ್ಲಿ ಅರ್ಧ ಭಾಗ ಒಂದು, ಒಂದೂವರೆ ನಿಮಿಷದಲ್ಲಿ ಇಲ್ಲವಾಗುತ್ತದೆ. ಮುಂದಿನ ಹಂತ ಮಾತ್ರ ನಿಧಾನ. ಫಾರ್ಮಿಕ್ ಆಮ್ಲವನ್ನು ಇಂಗಾಲದ ಡೈಆಕ್ಸೈಡ್ ಮಾಡಿ ಹೊರಹಾಕಲು ಫೋಲೇಟ್ ಬೇಕು, ಮನುಷ್ಯರಲ್ಲಿ ಆ ದಾರಿ ಬಹಳ ಕಿರಿದು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸುಮಾರು 300 ಜನರನ್ನು ಬಲಿ ಪಡೆದ ವಿಷಮದ್ಯದಲ್ಲಿದ್ದದ್ದು ಮೀಥೈಲ್ ಆಲ್ಕೋಹಾಲ್. ಅದು ಮೈಯೊಳಗೆ ಫಾರ್ಮಾಲ್ಡಿಹೈಡ್ ಆಗಿ, ಬಳಿಕ ಫಾರ್ಮಿಕ್ ಆಮ್ಲವಾಗಿ ಜಮೆಯಾಗುತ್ತದೆ. ಇಂಥ ಮದ್ಯ ಕುಡಿದವರ ಕಣ್ಣು ಹೋಗುವುದೂ ಆ ಆಮ್ಲದಿಂದಲೇ.

ಉಸಿರಿನಲ್ಲಿ ಬಂದ ಫಾರ್ಮಾಲ್ಡಿಹೈಡ್‌ನ ಕತೆ ಬೇರೆ. ನೀರಿನಲ್ಲಿ ಸರಾಗವಾಗಿ ಕರಗುವ ಈ ಅನಿಲ ಮೂಗಿನ ಒದ್ದೆ ಪೊರೆಗೆ ತಗುಲಿದ ಕೂಡಲೇ ಅಲ್ಲೇ ಅಂಟಿಕೊಳ್ಳುತ್ತದೆ, ಪ್ರೋಟೀನು ಮತ್ತು ಡಿಎನ್ಎಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದ ಸಂಶೋಧಕರು ಗುರುತು ಹಚ್ಚಿದ ಪರಮಾಣುಗಳಿಂದ ಮಾಡಿದ ಫಾರ್ಮಾಲ್ಡಿಹೈಡನ್ನು ಇಲಿಗಳಿಗೆ ಉಸಿರಾಡಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊರಗಿನಿಂದ ಬಂದದ್ದು ಮೂಗಿನ ಡಿಎನ್ಎಯಲ್ಲಿ ಮಾತ್ರ ಸಿಕ್ಕಿತು. ಅಸ್ಥಿಮಜ್ಜೆಯಲ್ಲಿದ್ದದ್ದೆಲ್ಲ ದೇಹವೇ ತಯಾರಿಸಿದ್ದು. ಅದಕ್ಕೂ ಮೂರು ದಶಕ ಹಿಂದಿನ ಪ್ರಯೋಗವೂ ಮೂಗನ್ನೇ ತೋರಿಸಿತ್ತು: ಗಾಳಿಯ ಹತ್ತು ಲಕ್ಷ ಭಾಗಕ್ಕೆ 14 ಭಾಗ ಫಾರ್ಮಾಲ್ಡಿಹೈಡ್ ಉಸಿರಾಡಿದ ಇಲಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟಕ್ಕೆ ಮೂಗಿನ ಕ್ಯಾನ್ಸರ್ ಬಂತು, 6 ಭಾಗದ ಆಸುಪಾಸಿನಲ್ಲಿ ಒಂದೆರಡಕ್ಕೆ ಮಾತ್ರ, 2 ಭಾಗದಲ್ಲಿ ಯಾವುದಕ್ಕೂ ಇಲ್ಲ.

ಕಡಿಮೆ ಪ್ರಮಾಣದಲ್ಲಿ ಅಪಾಯವಿಲ್ಲ ಎಂಬ ವಾದಕ್ಕೆ ಉದ್ಯಮಗಳು ಈ ಅಂಕಿಗಳನ್ನೇ ಆಧಾರ ಮಾಡಿಕೊಂಡವು. ನಾನದನ್ನು ಒಪ್ಪಲಾರೆ. ಇಲಿಯ ಎರಡು ವರ್ಷದ ಆಯುಸ್ಸು ಬೇರೆ, ಮೂವತ್ತು ವರ್ಷ ಶವಗಳ ನಡುವೆ ದುಡಿಯುವ ಮನುಷ್ಯನ ಬದುಕು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿಗೆ ಸೇರಿಸಿತು. ಆಗ ಮುಖ್ಯ ಆಧಾರ ಮೂಗು–ಗಂಟಲು ಕೂಡುವ ಜಾಗದ ಕ್ಯಾನ್ಸರ್. 2009ರಲ್ಲಿ ರಕ್ತದ ಕ್ಯಾನ್ಸರಿಗೂ ಸಾಕಷ್ಟು ಪುರಾವೆಯಿದೆ ಎಂದಿತು. ಶವಗಳಿಗೆ ಎಂಬಾಮಿಂಗ್ ಮಾಡುವ ಅಮೆರಿಕದ ಕೆಲಸಗಾರರಲ್ಲಿ, ಆ ಕಸುಬಿನಲ್ಲಿ ಕಳೆದ ವರ್ಷಗಳು ಹೆಚ್ಚಿದಂತೆ ಮೈಲಾಯ್ಡ್ ಲ್ಯುಕೀಮಿಯಾದಿಂದ ಸಾಯುವ ಸಂಭವ ಏರಿದ್ದು ಅದೇ ವರ್ಷ ವರದಿಯಾಯಿತು. ಮಜ್ಜೆಯನ್ನೇ ಮುಟ್ಟದ ಅನಿಲ ರಕ್ತದ ಕ್ಯಾನ್ಸರ್ ತರುವುದು ಹೇಗೆ ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಕೇಂಬ್ರಿಜ್‌ನಲ್ಲಿ ಕೇತನ್ ಪಟೇಲ್ ತಂಡ ಇಲಿಗಳಲ್ಲಿ ತೋರಿಸಿದ ಸಂಗತಿ ಇಲ್ಲಿ ಮುಖ್ಯವಾಗುತ್ತದೆ. ಎಡಿಎಚ್5 ಕಿಣ್ವವೂ ಡಿಎನ್ಎ ದುರಸ್ತಿಯ ಒಂದು ವ್ಯವಸ್ಥೆಯೂ ಒಟ್ಟಿಗೆ ಕೈಕೊಟ್ಟರೆ, ದೇಹದ ಸ್ವಂತ ಫಾರ್ಮಾಲ್ಡಿಹೈಡೇ ರಕ್ತದ ಕಾಂಡಕೋಶಗಳನ್ನು ಹಾಳುಮಾಡುತ್ತದೆ. ಅಂದರೆ ರಕ್ಷಣೆಯ ಗೋಡೆ ಎಲ್ಲರಲ್ಲೂ ಒಂದೇ ಎತ್ತರದ್ದಲ್ಲ. ಇಂಥ ಕಡೆ ಅನುಮಾನದ ಲಾಭ ಸಲ್ಲಬೇಕಾದದ್ದು ಕೆಲಸಗಾರನಿಗೆ.

ಫ್ರಾಂಕ್‌ಫರ್ಟ್‌ನ ವೈದ್ಯ ಫರ್ಡಿನಾಂಡ್ ಬ್ಲೂಮ್ 1893ರಲ್ಲಿ ಫಾರ್ಮಲಿನ್ ಜೊತೆ ಕೆಲಸ ಮಾಡುವಾಗ ತನ್ನ ಬೆರಳ ತುದಿಗಳೇ ಗಟ್ಟಿಯಾದದ್ದನ್ನು ಗಮನಿಸಿದ. ಅಂಗಾಂಶವನ್ನು ಕೆಡದಂತೆ ಕಾಪಿಡುವ ವಿಧಾನ ಹುಟ್ಟಿದ್ದು ಹಾಗೆ. ಇಂದಿಗೂ ಬಯಾಪ್ಸಿಯ ತುಣುಕು ಫಾರ್ಮಲಿನ್ ಡಬ್ಬಿಯಲ್ಲೇ ಲ್ಯಾಬಿಗೆ ಹೋಗುತ್ತದೆ, ಎಂಬಿಬಿಎಸ್ ಮೊದಲ ವರ್ಷದವರು ಫಾರ್ಮಲಿನ್ ಏರಿಸಿದ ದೇಹದ ಮೇಲೆ ಬಗ್ಗಿ ಅನಾಟಮಿ ಕಲಿಯುತ್ತಾರೆ. ಕಣ್ಣಲ್ಲಿ ನೀರು, ಮೂಗಿನಲ್ಲಿ ಉರಿ, ಗಂಟಲಲ್ಲಿ ಕೆರೆತ. ಸ್ವಲ್ಪ ದಿನ ಕಳೆದರೆ ಅಭ್ಯಾಸವಾಗುತ್ತದೆ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಅಭ್ಯಾಸವಾಗುವುದು ಮೂಗಿನ ಗ್ರಹಣಶಕ್ತಿ ಮಂಕಾಗುವುದರಿಂದ. ಗಾಳಿಯಲ್ಲಿರುವ ಅನಿಲ ಅಷ್ಟೇ ಇರುತ್ತದೆ. ವಿದ್ಯಾರ್ಥಿ ವರ್ಷದೊಳಗೆ ಅಲ್ಲಿಂದ ಹೊರಬರುತ್ತಾನೆ. ಟ್ಯಾಂಕಿಗೆ ಫಾರ್ಮಲಿನ್ ಸುರಿಯುವ, ದೇಹವನ್ನು ಎತ್ತಿ ಮೇಜಿಗೆ ತರುವ, ನೆಲ ತೊಳೆಯುವ ಅಟೆಂಡರ್ ನಿವೃತ್ತಿಯವರೆಗೂ ಅಲ್ಲೇ ಇರುತ್ತಾನೆ. ಅವನ ಮುಖದ ಸರ್ಜಿಕಲ್ ಮಾಸ್ಕ್ ಆಗಲಿ, ಎನ್-95 ಆಗಲಿ ಅನಿಲವನ್ನು ತಡೆಯಲಾರದು. ಅದಕ್ಕೆ ಫಾರ್ಮಾಲ್ಡಿಹೈಡ್ ಹೀರುವ ಕಾರ್ಟ್ರಿಜ್ ಇರುವ ಮುಖವಾಡ ಬೇಕು.

ಬಡಗಿಗಳ ಪಾಡೂ ಇದೇ. ಅಗ್ಗದ ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂಡಿಎಫ್‌ಗಳ ಅಂಟು ಯೂರಿಯಾ–ಫಾರ್ಮಾಲ್ಡಿಹೈಡ್. ಸೆಕೆ, ತೇವ ಹೆಚ್ಚಿದಷ್ಟೂ ಅದು ಒಡೆದು ಅನಿಲ ಬಿಡುತ್ತದೆ. ಹಾಗಾಗಿ ಮಂಗಳೂರು, ಉಡುಪಿಯಂಥ ಕರಾವಳಿಯ ಊರುಗಳಲ್ಲಿ ಹೊಸ ವಾರ್ಡ್‌ರೋಬಿನ ಘಾಟನ್ನು ಹಗುರವಾಗಿ ಕಾಣಬಾರದು. ಫೀನಾಲ್ ಅಂಟಿನ ಮರೈನ್ ಪ್ಲೈ ಬಿಡುವುದು ಬಹಳ ಕಡಿಮೆ, ಬೆಲೆ ಮಾತ್ರ ಜಾಸ್ತಿ. ಮನೆಯೊಳಗಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹಾಕಿದ ಗೆರೆ ಘನಮೀಟರಿಗೆ 0.1 ಮಿಲಿಗ್ರಾಂ, ಅರ್ಧ ಗಂಟೆಯ ಸರಾಸರಿ. ಕಿಟಕಿ ಮುಚ್ಚಿದ ಹೊಸ ಫ್ಲ್ಯಾಟಿನಲ್ಲಿ ಅದನ್ನು ಅಳೆದು ನೋಡುವವರೇ ಇಲ್ಲ.

ಕಾರ್ಖಾನೆಗಳ ಗಾಳಿಗೆ ನಮ್ಮ ಕಾನೂನಿನಲ್ಲಿ ಮಿತಿ ಇದೆ. ಆದರೆ ಅನಾಟಮಿ ವಿಭಾಗ ಕಾರ್ಖಾನೆಯಲ್ಲ, ಗೃಹಪ್ರವೇಶಕ್ಕೆ ಸಜ್ಜಾಗುತ್ತಿರುವ ಮನೆಯೂ ಅಲ್ಲ. ಯುರೋಪಿನ ಒಕ್ಕೂಟ 2019ರ ನಿರ್ದೇಶನದಲ್ಲಿ ಕೆಲಸದ ಜಾಗದ ಮಿತಿಯನ್ನು ಹತ್ತು ಲಕ್ಷಕ್ಕೆ 0.3 ಭಾಗ ಎಂದು ನಿಗದಿಪಡಿಸಿತು. ಆಸ್ಪತ್ರೆ ಮತ್ತು ಶವಸಂಸ್ಕಾರ ಕ್ಷೇತ್ರಗಳಿಗೆ 2024ರವರೆಗೆ ಕಾಲಾವಕಾಶ ಕೊಟ್ಟಿತೇ ಹೊರತು ಅವುಗಳನ್ನು ನಿಯಮದ ಹೊರಗೆ ಬಿಡಲಿಲ್ಲ.

ನಮ್ಮಲ್ಲಿ ಕಾಲೇಜುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ವೈದ್ಯಕೀಯ ಆಯೋಗ, ಸಂಯೋಜನೆ ಕೊಡುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಇಂಥ ನಿಯಮ ತರುವುದು ಕಷ್ಟದ ಕೆಲಸವಲ್ಲ. ಪರಿಶೀಲನೆಗೆ ಬಂದ ತಂಡ ಶವಗಳ ಸಂಖ್ಯೆ, ಮೇಜುಗಳ ಸಂಖ್ಯೆ ನೋಡುವಾಗಲೇ ಕೊಠಡಿಯ ಗಾಳಿಯ ಅಳತೆಯ ದಾಖಲೆಯನ್ನೂ ಕೇಳಲಿ. ಚಾವಣಿಯ ಫ್ಯಾನಿಂದ ಅನಿಲ ಕೋಣೆ ತುಂಬ ಹರಡುತ್ತದೆ. ಮೇಜಿನ ಮಟ್ಟದಿಂದಲೇ ಕೆಳಕ್ಕೆ ಗಾಳಿ ಎಳೆಯುವ ವ್ಯವಸ್ಥೆ ಬೇಕು. ಆಸ್ಟ್ರಿಯಾದ ಗ್ರಾಜ್‌ನಲ್ಲಿ ವಾಲ್ಟರ್ ಥೀಲ್ 1992ರಲ್ಲಿ ಪ್ರಕಟಿಸಿದ, ಅತಿ ಕಡಿಮೆ ಫಾರ್ಮಲಿನ್ ಬೇಡುವ ಸಂರಕ್ಷಣಾ ವಿಧಾನವನ್ನು ಒಂದೆರಡು ಸರ್ಕಾರಿ ಕಾಲೇಜುಗಳಲ್ಲಾದರೂ ಪ್ರಯತ್ನಿಸಬಹುದು. ಇದಕ್ಕೆಲ್ಲ ಹಣ ಕೂಡುವ ಮೊದಲೇ ಒಂದು ಕೆಲಸ ಶುರುವಾಗಲಿ: ಶವಾಗಾರ ಮತ್ತು ಪೆಥಾಲಜಿ ವಿಭಾಗದ ಪ್ರತಿಯೊಬ್ಬ ನೌಕರನಿಗೆ, ಗುತ್ತಿಗೆಯವರನ್ನೂ ಸೇರಿಸಿ, ವರ್ಷಕ್ಕೊಮ್ಮೆ ಮೂಗು, ಶ್ವಾಸಕೋಶ ಮತ್ತು ರಕ್ತದ ತಪಾಸಣೆ ಆಗಲಿ, ಅದರ ವರದಿಯ ಪ್ರತಿ ಅವರ ಕೈಗೇ ಸಿಗಲಿ.