ಧರೆ ಎಂಬ ಮಾತು

ನಿಘಂಟಿನಲ್ಲಿ 'ಧರೆ' ಎಂದರೆ ಭೂಮಿ. ಕರಾವಳಿ, ಮಲೆನಾಡುಗಳಲ್ಲಿ ಅದಕ್ಕೆ ಇನ್ನೊಂದು ಅರ್ಥವುಂಟು: ಮನೆಗೋ ತೋಟಕ್ಕೋ ದಾರಿಗೋ ಗುಡ್ಡವನ್ನು ಕಡಿದಾಗ ಉಳಿಯುವ ನೆಟ್ಟನೆಯ ಮಣ್ಣಿನ ಗೋಡೆ. 'ಧರೆ ಜರಿಯಿತು' ಎಂದು ಅಲ್ಲಿಯವರು ಹೇಳುವಾಗ, ಜರಿದದ್ದು ಮನುಷ್ಯನು ಕಡಿದ ಜಾಗವೆಂಬುದು ಆ ಮಾತಿನಲ್ಲೇ ಅಡಗಿರುತ್ತದೆ. ನಮ್ಮ ವರದಿಗಳು ಅದನ್ನೇ 'ಪ್ರಕೃತಿ ವಿಕೋಪ'ವೆಂದು ಕರೆಯುತ್ತವೆ. ಕನ್ನಡ ಕಲಿಸುವ ನನಗೆ ಇದು ಬರಿಯ ಶಬ್ದಭೇದವೆಂದು ತೋರುವುದಿಲ್ಲ.

2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು, ದಾರಿಬದಿಯ ಚಹದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿಗೆ ನೂಕಿತು. ಹೊಳೆಯಲ್ಲಿ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ಕೇರಳದ ಲಾರಿಯೊಂದು ತನ್ನ ಚಾಲಕನ ದೇಹದೊಡನೆ ನೀರಿನಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು.

ಮಳೆ ವಿಪರೀತವಾಗಿತ್ತು, ನಿಜ. ಆದರೆ ಆ ಸೀಮೆಗೆ ಆಷಾಢದ ಮಳೆ ಹೊಸತಲ್ಲ. ಅಲ್ಲಿ ಜಂಬಿಟ್ಟಿಗೆಯ ಗಟ್ಟಿ ಪದರದ ಕೆಳಗೆ ಹಲವೆಡೆ ನುಣುಪಾದ ಶೇಡಿಮಣ್ಣಿರುತ್ತದೆ. ದಿನಗಟ್ಟಲೆ ಇಂಗಿದ ನೀರು ಮಣ್ಣಿನ ಸಂದುಗಳಲ್ಲಿ ತುಂಬಿ, ಕಣಗಳನ್ನು ಒಂದರಿಂದೊಂದು ದೂಡುತ್ತದೆ. ಅವುಗಳ ಪರಸ್ಪರ ಹಿಡಿತ ಸಡಿಲುತ್ತದೆ. ಮೇಲಿನ ಭಾರವೂ ಏರುತ್ತದೆ. ಇಂಥ ವೇಳೆ ಗುಡ್ಡವನ್ನು ತಡೆದು ನಿಲ್ಲಿಸಬೇಕಾದದ್ದು ಅದರ ಪಾದ. ರಸ್ತೆಯನ್ನು ಅಗಲಿಸುವಾಗ ನಾವು ಮೊದಲು ಕಡಿಯುವುದು ಆ ಪಾದವನ್ನೇ.

ಪರಿಹಾರ ಅಜ್ಞಾತವೇನಲ್ಲ. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು; ನೆತ್ತಿಯಲ್ಲಿ ಕಾಲುವೆ ತೋಡಿ ನೀರನ್ನು ಬದಿಗೆ ಸಾಗಿಸಬೇಕು; ತಡೆಗೋಡೆಯಲ್ಲಿ ನೀರು ಬಸಿಯಲು ಕಂಡಿಗಳಿರಬೇಕು; ಬೋಳು ಮಣ್ಣಿನಲ್ಲಿ ಲಾವಂಚದಂಥ ಆಳಬೇರಿನ ಹುಲ್ಲನ್ನು ನೆಡಬೇಕು. ಇಷ್ಟಾದರೂ ವರ್ಷಕ್ಕೊಮ್ಮೆ ನೋಡಿಕೊಳ್ಳುವವರಿಲ್ಲದಿದ್ದರೆ ಕಾಲುವೆ ಹೂಳುತ್ತದೆ, ಕಂಡಿ ಕಟ್ಟುತ್ತದೆ.

ಹಾಂಗ್‌ಕಾಂಗ್ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. 1972ರ ಜೂನ್ 18ರಂದು ಎರಡು ಕುಸಿತಗಳು 138 ಜನರನ್ನು ಬಲಿಗೊಂಡವು. 1977ರಲ್ಲಿ ಅಲ್ಲಿನ ಸರ್ಕಾರ ಇಳಿಜಾರುಗಳಿಗಾಗಿಯೇ ಒಂದು ಕಚೇರಿಯನ್ನು ತೆರೆಯಿತು. ಇಂದು ಅಲ್ಲಿ ಮನುಷ್ಯನಿರ್ಮಿತವಾದ ಸುಮಾರು 60,000 ಇಳಿಜಾರುಗಳಿಗೆ ಒಂದೊಂದು ಸಂಖ್ಯೆಯಿದೆ. ಅದನ್ನು ಕಾಪಾಡಬೇಕಾದವರು ಯಾರೆಂಬ ದಾಖಲೆಯಿದೆ. ಮಳೆ ಅಲ್ಲಿಯೂ ಸುರಿಯುತ್ತದೆ. ಮಳೆಯನ್ನು ದೂರಿ ಯಾರೂ ಕೈತೊಳೆದುಕೊಳ್ಳುವಂತಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಮಳೆಗಾಲದ ಬೆಳಗ್ಗೆ ಇಂಥ ಧರೆಗಳ ಅಡಿಯಲ್ಲೇ ಬಸ್ಸಿನಲ್ಲಿ ಬರುತ್ತಾರೆ. ಹಾಜರಿ ಕರೆಯುವಾಗ ಉತ್ತರ ಬಾರದ ಹೆಸರೊಂದರ ಮುಂದೆ ನಾನು ಅರೆಗಳಿಗೆ ತಡೆಯುತ್ತೇನೆ. ನಮ್ಮ ಹೆದ್ದಾರಿಯ ಧರೆಗಳಿಗೂ ಒಂದು ಹಾಜರಿ ಪುಸ್ತಕ ಬೇಕು. ಮುಂಗಾರಿಗೆ ಮುನ್ನ ಪ್ರತಿಯೊಂದನ್ನೂ ಕಂಡು ಬಂದವರ ಸಹಿ ಅದರಲ್ಲಿರಬೇಕು.