ಉಷ್ಣವೆಲ್ಲ ನಷ್ಟವೇ?

ಎಂಜಿನ್ನಿನ ದಕ್ಷತೆಯನ್ನು ಪಾಠ ಹೇಳುವಾಗ ಭೌತವಿಜ್ಞಾನದ ಅಧ್ಯಾಪಕರಾದ ನಾವು, ಕೆಲಸವಾಗಿ ಮಾರ್ಪಡದೆ ಉಳಿದ ಉಷ್ಣವನ್ನು ‘ನಷ್ಟ’ವೆಂದು ಕರಿಹಲಗೆಯ ಮೇಲೆ ಬರೆದುಬಿಡುತ್ತೇವೆ. ವಿದ್ಯಾರ್ಥಿಗಳೂ ಹಾಗೆಯೇ ಬರೆದುಕೊಳ್ಳುತ್ತಾರೆ. ಈ ಮಾತನ್ನು ಇಷ್ಟು ಸಲೀಸಾಗಿ ಆಡಬಾರದೆಂಬುದು ನಮ್ಮ ಅಭಿಪ್ರಾಯ. ಉಷ್ಣವನ್ನು ಹುಟ್ಟಿಸುವುದೇ ಉದ್ದೇಶವಾದ ಯಂತ್ರವೊಂದು ನಮ್ಮ ಮೈಯಲ್ಲಿಯೇ ಇದೆ. ಅದೇ ಕಂದು ಕೊಬ್ಬು.

1551ರಲ್ಲಿ ಸ್ವಿಟ್ಜರ್ಲೆಂಡಿನ ಕೊನ್ರಾಡ್ ಗೆಸ್ನರನು, ಚಳಿಗಾಲವೆಲ್ಲ ನಿದ್ರಿಸುವ ಮಾರ್ಮಟ್ ಎಂಬ ಪ್ರಾಣಿಯಲ್ಲಿ ಕೊಬ್ಬೂ ಅಲ್ಲದ ಮಾಂಸವೂ ಅಲ್ಲದ ವಸ್ತುವೊಂದನ್ನು ವರ್ಣಿಸಿದನು. ಅದರ ಕೆಲಸವೇನೆಂಬುದು ಸ್ಪಷ್ಟವಾಗಲು 1960ರ ದಶಕದವರೆಗೆ ಕಾಯಬೇಕಾಯಿತು!

ಬಿಳಿಯ ಕೊಬ್ಬು ಉಗ್ರಾಣವಾದರೆ ಕಂದು ಕೊಬ್ಬು ಒಲೆ. ಇದರ ಕೋಶಗಳಲ್ಲಿ ಮೈಟೊಕಾಂಡ್ರಿಯಗಳು ಕಿಕ್ಕಿರಿದಿರುತ್ತವೆ. ಅವುಗಳಲ್ಲಿನ ಕಬ್ಬಿಣವೇ ಈ ಬಣ್ಣಕ್ಕೆ ಕಾರಣ. ಸಾಮಾನ್ಯ ಕೋಶದಲ್ಲಿ ಆಹಾರದ ಶಕ್ತಿಯು ಪ್ರೋಟಾನುಗಳನ್ನು ಮೈಟೊಕಾಂಡ್ರಿಯದ ಒಳಪೊರೆಯ ಆಚೆಗೆ ತಳ್ಳುತ್ತದೆ. ಅಣೆಕಟ್ಟಿನ ಹಿಂದೆ ನಿಂತ ನೀರಿನಂತೆ ಅಲ್ಲಿ ನೆರೆದ ಅವು, ಹಿಂದಿರುಗುವಾಗ ಟರ್ಬೈನಿನಂತಹ ಕಿಣ್ವವನ್ನು ತಿರುಗಿಸಿ ಎಟಿಪಿಯನ್ನು ತಯಾರಿಸುತ್ತವೆ. ಕಂದು ಕೊಬ್ಬಿನಲ್ಲಾದರೋ ಯುಸಿಪಿ-1 ಎಂಬ ಪ್ರೋಟೀನು ಬೇರೊಂದು ತೂಬನ್ನು ತೆರೆಯುತ್ತದೆ. ಆ ದಾರಿಯಲ್ಲಿ ಬಂದ ಪ್ರೋಟಾನುಗಳು ಟರ್ಬೈನನ್ನು ಮುಟ್ಟುವುದೇ ಇಲ್ಲ. ಅವುಗಳ ಶಕ್ತಿಯೆಲ್ಲ ಉಷ್ಣವಾಗುತ್ತದೆ. ಶಕ್ತಿನಿತ್ಯತೆಯ ನಿಯಮಕ್ಕೆ ಇಲ್ಲಿ ಎಳ್ಳಷ್ಟೂ ಭಂಗವಿಲ್ಲ. ದಕ್ಷತೆ ಮಾತ್ರ, ನಮ್ಮ ಕರಿಹಲಗೆಯ ಲೆಕ್ಕದಲ್ಲಿ, ಸೊನ್ನೆ!

ಆದರೆ ಹಸುಗೂಸನ್ನು ಚಳಿಯಿಂದ ಕಾಯುವುದು ಈ ಸೊನ್ನೆಯೇ. ಗಾತ್ರಕ್ಕೆ ಹೋಲಿಸಿದರೆ ಕೂಸಿನ ಮೈಯ ಹೊರಹರವು ದೊಡ್ಡದು; ಆದುದರಿಂದ ಅದರ ಉಷ್ಣ ಬೇಗ ಸೋರಿಹೋಗುತ್ತದೆ. ನಮ್ಮಂತೆ ನಡುಗಿ ಮೈ ಕಾಯಿಸಿಕೊಳ್ಳುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ.

ವಯಸ್ಕರಲ್ಲಿಯೂ, ಮುಖ್ಯವಾಗಿ ಕುತ್ತಿಗೆಯ ಬುಡದಲ್ಲಿ, ಈ ಕೊಬ್ಬು ಉರಿಯುತ್ತಿರುವುದು 2009ರಲ್ಲಿ ಖಚಿತವಾಯಿತು. ಅಂದಿನಿಂದ, ಕುಳಿತಲ್ಲಿಯೇ ಮೈ ಕರಗಿಸುವ ಆಸೆ ಹಲವರಲ್ಲಿ ಮೂಡಿದೆ. ಈ ಆಸೆಯನ್ನು ನಾವು ಸಂಶಯದಿಂದಲೇ ನೋಡುತ್ತೇವೆ. ವಯಸ್ಕನಲ್ಲಿ ಕಂದು ಕೊಬ್ಬು ಇರುವುದು ಅತ್ಯಲ್ಪ. ಅಲ್ಲದೆ, ತೂಬನ್ನು ಬಲಾತ್ಕಾರವಾಗಿ ತೆರೆಯುವ ಪ್ರಯೋಗ ಹಿಂದೆಯೇ ನಡೆದಿದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಡೈನೈಟ್ರೊಫೆನಾಲ್ ಎಂಬ ರಾಸಾಯನಿಕವನ್ನು ತೂಕ ಇಳಿಸುವ ಮದ್ದಾಗಿ ಮಾರಿದರು. ಜನರ ತೂಕ ಇಳಿದದ್ದು ನಿಜ. ಆದರೆ ಕೆಲವರಿಗೆ ಕಣ್ಣಿನಲ್ಲಿ ಪೊರೆ ಬಂದಿತು. ಕೆಲವರು ಒಳಗಿನ ಉರಿ ತಾಳದೆ ಸತ್ತರು. ಕಂದು ಕೊಬ್ಬಿನ ತೂಬು ಚಳಿಯಾದಾಗ ನರಗಳ ಆಜ್ಞೆಯಂತೆ ತೆರೆಯುತ್ತದೆ, ಬೆಚ್ಚಗಾದಾಗ ಮುಚ್ಚುತ್ತದೆ. ಈ ಮದ್ದು ಮೈಯ ಎಲ್ಲ ಕೋಶಗಳಲ್ಲಿಯೂ ತೂತು ಕೊರೆಯುತ್ತದೆ. ಆ ತೂತಿಗೆ ಬಾಗಿಲಿಲ್ಲ. 1938ರಲ್ಲಿ ಅಲ್ಲಿ ಇದರ ಮಾರಾಟಕ್ಕೆ ತಡೆ ಬಿದ್ದಿತು. ಆದರೂ ಇದನ್ನು ಕದ್ದು ಮಾರುವವರು ಇನ್ನೂ ಇದ್ದಾರೆ. ಬ್ರಿಟನ್ನಿನಲ್ಲಿ 2010ರ ಬಳಿಕವೂ ಕಾಲೇಜಿನ ವಯಸ್ಸಿನವರು ಇದನ್ನು ನುಂಗಿ ಪ್ರಾಣ ಕಳೆದುಕೊಂಡಿದ್ದಾರೆ.