ಅತಿಥಿಯ ಕೊಠಡಿಗೆ ಹೊರಗಾಳಿಯ ಲೆಕ್ಕ

ಹವಾನಿಯಂತ್ರಕ ಯಂತ್ರವು ಹೊರಗಿನ ಶುದ್ಧ ಗಾಳಿಯನ್ನು ಕೊಠಡಿಗೆ ತರುತ್ತದೆಂಬುದು ಬಹುಜನರ ನಂಬಿಕೆ. ಇದು ಸಾಮಾನ್ಯವಾಗಿ ನಿಜವಲ್ಲ. ಗದಗ-ಬೆಟಗೇರಿಯಂತಹ ಊರುಗಳ ವಸತಿಗೃಹಗಳಲ್ಲಿ ಗೋಡೆಯ ಮೇಲೆ ಕಾಣುವ ಸ್ಪ್ಲಿಟ್ ಯಂತ್ರವು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಎಳೆದು ತಂಪುಮಾಡುತ್ತದೆ. ಅಲ್ಲಿ ಹೊರಗಾಳಿ ಬೇಕೆಂದರೆ ಕಿಟಕಿಯನ್ನು ತೆರೆಯಬೇಕು. ಕಿಟಕಿ ತೆರೆಯಲಾಗದ ದೊಡ್ಡ ಹೋಟೆಲುಗಳಲ್ಲಾದರೋ ಅದನ್ನು ನಾಳಗಳ ಮೂಲಕವೇ ಒದಗಿಸಬೇಕು.

ಒಂದು ಸರಳ ಗಣಿತವನ್ನು ನೋಡೋಣ. ನಿದ್ರಿಸುವ ವ್ಯಕ್ತಿಯೊಬ್ಬನು ಗಂಟೆಗೆ ಸುಮಾರು 12 ಲೀಟರು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. 40 ಘನ ಮೀಟರಿನ ಕೊಠಡಿಯಲ್ಲಿ ಇಬ್ಬರು 8 ಗಂಟೆ ಮಲಗಿದರೆ 192 ಲೀಟರಾಯಿತು. ಕೊಠಡಿಯು ಪೂರ್ಣ ಮುಚ್ಚಿದ್ದರೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲದ 4,800 ಭಾಗಗಳು ಹೆಚ್ಚಾಗುತ್ತವೆ. ಸೆಕೆಂಡಿಗೆ 10 ಲೀಟರು ಹೊರಗಾಳಿ ಬಂದರೆ ಒಟ್ಟು ಪ್ರಮಾಣವು 1,100ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಳ್ಳೆಯ ಗಾಳಿಗೆ 1,000 ಭಾಗಗಳ ಮಿತಿಯನ್ನು ಜರ್ಮನಿಯ ಪೆಟೆನ್‌ಕೋಫರ್ 1858ರಲ್ಲಿಯೇ ಸೂಚಿಸಿದ್ದನು. ಈ ಪ್ರಮಾಣದಲ್ಲಿ ಅನಿಲವು ವಿಷವಲ್ಲ. ಗಾಳಿ ಬದಲಾಗುತ್ತಿದೆಯೇ ಇಲ್ಲವೇ ಎಂಬುದಕ್ಕೆ ಅದು ಸಾಕ್ಷಿ.

ಈಗ ಹಸಿರು ಕಟ್ಟಡದ ಪ್ರಮಾಣಪತ್ರವು ಹೋಟೆಲುಗಳಿಗೆ ಗೌರವದ ಗುರುತಾಗಿದೆ. ಬೆಂಗಳೂರಿನ ಐಟಿಸಿ ಗಾರ್ಡೇನಿಯಾ ಹೋಟೆಲು ಲೀಡ್ ಎಂಬ ಪದ್ಧತಿಯಲ್ಲಿ ಅತ್ಯುಚ್ಚವಾದ ಪ್ಲಾಟಿನಂ ಶ್ರೇಣಿಯನ್ನು ಪಡೆದಿದೆ. ಈ ಪದ್ಧತಿಯ 2009ರ ನಿಯಮಾವಳಿಯಲ್ಲಿ ಹೊರಗಾಳಿಯ ಮೇಲ್ವಿಚಾರಣೆಗೆ ಒಂದು ಐಚ್ಛಿಕ ಅಂಕವಿತ್ತು. 1,000 ಚದರ ಅಡಿಗೆ 25 ಅಥವಾ ಹೆಚ್ಚು ಜನ ಸೇರುವೆಡೆ, ನೆಲದಿಂದ 3ರಿಂದ 6 ಅಡಿ ಎತ್ತರದಲ್ಲಿ ಇಂಗಾಲದ ಡೈಆಕ್ಸೈಡಿನ ಮಾಪಕವಿರಬೇಕಿತ್ತು. ಯಂತ್ರದಿಂದ ಗಾಳಿ ಪಡೆಯುವ, ಜನವಿರಳವಾದ ಕೊಠಡಿಗಳಿಗೆ ಮಾತ್ರ, ಯಂತ್ರವು ಒಳಗೆಳೆಯುವ ಹೊರಗಾಳಿಯನ್ನು ಅಳೆದರೆ ಸಾಕಾಗಿತ್ತು. ಅತಿಥಿಯ ಕೊಠಡಿಯೂ ಇಂತಹದೇ.

ನನ್ನ ಆಕ್ಷೇಪಣೆ ಇಲ್ಲಿಯೇ. ಕಾಲುವೆಯ ತೂಬಿನಲ್ಲಿ ನೀರನ್ನು ಅಳೆದವನಿಗೆ ಕೊನೆಯ ಹೊಲ ಒಣಗಿದ್ದು ತಿಳಿಯದು. ನಾಳದ ಬಾಯಲ್ಲಿ ಅಳತೆ ಸರಿಯಿದ್ದರೂ ಕೊನೆಯ ಕೊಠಡಿಯ ಕವಾಟವು ಮುಚ್ಚಿಕೊಂಡಿರಬಹುದು. ಮನುಷ್ಯನು ಉಸಿರಾಡುವುದು ಸರಾಸರಿಯನ್ನಲ್ಲ, ತನ್ನ ಕೊಠಡಿಯ ಗಾಳಿಯನ್ನು. ಸಭಾಂಗಣದಲ್ಲಿ ಎರಡು ಗಂಟೆ ಕುಳಿತವನಿಗೆ ಮಾಪಕವಿದ್ದು, ರಾತ್ರಿಯಿಡೀ ಮಲಗುವವನಿಗೆ ಇಲ್ಲದಿರುವುದು ಯಾವ ನ್ಯಾಯ?

ಪ್ರತಿ ಕೊಠಡಿಗೂ ಮಾಪಕವೆಂದರೆ ವೆಚ್ಚವಲ್ಲವೇ ಎಂದು ಕೆಲವರು ಕೇಳಬಹುದು. ವೆಚ್ಚವೇನೋ ಉಂಟು. ಆದರೆ ಹೊರಗಾಳಿಯನ್ನು ತಂಪುಮಾಡಲು ವಿದ್ಯುತ್ತು ವ್ಯಯವಾಗುತ್ತದೆ. ಖಾಲಿ ಕೊಠಡಿ ಯಾವುದೆಂದು ತಿಳಿದರೆ ಅಲ್ಲಿಗೆ ಕಳುಹಿಸುವ ಗಾಳಿಯನ್ನು ಕಡಿಮೆಮಾಡಿ ಉಳಿತಾಯ ಸಾಧಿಸಬಹುದು. ಅಳತೆಯಿಲ್ಲದ ಉಳಿತಾಯವಾದರೋ ಮಲಗಿದವನ ಉಸಿರಿನಿಂದ ಕಡಿದದ್ದಾಗುವ ಅಪಾಯವಿದೆ.

ಅಸುಂಡಿಯಂತಹ ನಮ್ಮ ಹಳ್ಳಿಗಳಲ್ಲಿ ಸೆಕೆಯಾದರೆ ಮಲಗಿದವನೇ ಎದ್ದು ಕಿಟಕಿಯನ್ನು ತೆರೆಯಬಲ್ಲನು. ಅಲ್ಲಿ ಪ್ರಮಾಣಪತ್ರವು ಬೇಕಿಲ್ಲ. ಕಿಟಕಿಯನ್ನು ಶಾಶ್ವತವಾಗಿ ಮುಚ್ಚಿದವರು ಆ ಸ್ವಾತಂತ್ರ್ಯವನ್ನು ಅತಿಥಿಯಿಂದ ಕಸಿದಿದ್ದಾರೆ. ಆದುದರಿಂದ ಮಾಪಕವನ್ನು ಹಾಸಿಗೆಯ ಸಮೀಪದಲ್ಲಿರಿಸಿ, ಅದರ ಅಂಕಿಯು ಅತಿಥಿಗೂ ಕಾಣುವಂತೆ ಮಾಡುವುದು ಅವರ ಕರ್ತವ್ಯ. ಇದನ್ನು ಮಾಡದ ಕಟ್ಟಡಕ್ಕೆ ಹಸಿರೆಂಬ ಹೆಸರನ್ನು ಕೊಡಬಾರದು.